ರಿವರ್ಸ್ ಬಾರದ ಪೈಲಟ್

"ನಿಮ್ಮ ಪೈಲಟ್‌ಗೆ ತನ್ನವರು ಅಂತ ಯಾರೂ ಇಲ್ವಾ?"

ಶೈಲಶ್ರೀ ಹೀಗೆ ಕೇಳಿದಾಗ ವಸಂತ್ ಕೈಲಿದ್ದ ದಾಳವನ್ನು ಮೇಜಿನ ಮೇಲಿಟ್ಟು, "ಒಬ್ಬಳಿದ್ದಾಳೆ" ಎಂದ.

ಪಟ್ಟಂದೂರು ಅಗ್ರಹಾರದ ಆ ಮನೆಯ ತಾರಸಿಯಲ್ಲಿ, ಶೀಟಿನ ನೆರಳಲ್ಲಿ, ಭಾನುವಾರ ಮಧ್ಯಾಹ್ನವಾದರೆ ಕಥೆ ಕಟ್ಟುವ ಆಟವೊಂದರಲ್ಲಿ ಬಾಹ್ಯಾಕಾಶ ತೆರೆದುಕೊಳ್ಳುತ್ತಿತ್ತು. ಮನೆ ಓನರ್ ಮಗಳು ಶೈಲಶ್ರೀ ಕಥೆ ನಡೆಸುವ ಗೇಮ್ ಮಾಸ್ಟರ್, ಬಾಡಿಗೆಯವರು ಆಟಗಾರರು. ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಂಡು ಅದರ ಹುಟ್ಟು, ಕಸುಬು, ಕಷ್ಟಸುಖವನ್ನು ಬಾಯಲ್ಲೇ ಹೇಳಬೇಕು, ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಆಮೇಲೆ ಆ ಪಾತ್ರದ ಹಣೆಬರಹ ಶೈಲಶ್ರೀ ಕೈಯಲ್ಲಿ. ಮೇಜಿನ ಮುಂದೆ ಆಡಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಮೂರನೇ ಮಹಡಿಯ ವಸಂತ್ ಆಟಕ್ಕೆ ಬಂದದ್ದು ಇದೇ ಮೊದಲು. ಅವನ ಆಫೀಸು ದೂರದ ಬೆಳ್ಳಂದೂರಿಗೆ ಸ್ಥಳ ಬದಲಿಸುವುದಿತ್ತು. ರೂಮು ಬಿಡುತ್ತಾನೋ ಇಲ್ಲವೋ ಎಂದು ಇವತ್ತು ಸಂಜೆ ಶೈಲಶ್ರೀಯ ಅಪ್ಪ ಹನುಮಂತರಾಯಪ್ಪನವರಿಗೆ ಹೇಳಬೇಕಿತ್ತು. ಬಿಡದಿರಲಿ ಎಂದು ಶೈಲಶ್ರೀ ಕಂಡ ದೇವರಿಗೆಲ್ಲ ಕೈ ಮುಗಿದಿದ್ದಳು. ಹೋಗಬೇಡಿ ಎನ್ನಲು ತಾನು ಅವನಿಗೆ ಏನಾಗಬೇಕು ಎಂಬುದು ಮಾತ್ರ ಅವಳಿಗೆ ಬಗೆಹರಿದಿರಲಿಲ್ಲ.

"ಮಗಾ, ಅನಾಥ ಅಂದ್ಬಿಡು," ಎಂದು ಪಕ್ಕದ ರೂಮಿನ ಈರೇಶ್ ಎಚ್ಚರಿಸಿದ. "ಬ್ಯಾಕ್‌ಗ್ರೌಂಡಲ್ಲಿ ಯಾರಾದ್ರೂ ಇದ್ರೆ ಇವ್ರು ಬಿಡಲ್ಲ. ನನ್ ಪಾತ್ರದ ಅಜ್ಜಿನ ಡಕಾಯಿತ್ರ ಕೈಲಿ ಕೊಲ್ಲಿಸಿದ್ರು."

ಅದು ಸುಳ್ಳಲ್ಲ. ಆ ಮೇಜಿನಲ್ಲಿ ಪಳಗಿದವರೆಲ್ಲ ಅನಾಥರೇ. ತಂದೆ ತಾಯಿ, ಅಣ್ಣ ತಂಗಿ ಎಂದು ಬಾಯಿ ಬಿಡುತ್ತಿದ್ದವರು ಹೊಸಬರು ಮಾತ್ರ.

"ಪರವಾಗಿಲ್ಲ ಗುರು," ಎಂದ ವಸಂತ್. "ನನ್ ಪೈಲಟ್ ಸೈನ್ಯದವನಲ್ಲ, ಸಾದಾ ಸಿವಿಲಿಯನ್. ಚಂದ್ರನಿಂದ ಚಂದ್ರನಿಗೆ ನೀರು, ತರಕಾರಿ, ಜನ ಸಾಗಿಸ್ತಾನೆ. ಉಲ್ಕೆ ಮಧ್ಯೆ ಬೇಕಾದ್ರೂ ನುಗ್ಗಿಸ್ತಾನೆ. ಆದ್ರೆ ಸ್ಟೇಷನ್‌ಗೆ ಹಡಗು ಸೇರ್ಸೋವಾಗ ಕೈ ನಡುಗುತ್ತೆ."

"ಮತ್ತೆ ಹೇಗೆ ಸೇರಿಸ್ತಾನೆ?"

"ಅಲ್ಲಿ ದಾರಿ ಹೇಳೋ ಟವರಲ್ಲಿ ಒಬ್ಬಳಿದ್ದಾಳೆ. 'ಹಿಂದೆ ತಿರುಗಿ ನೋಡ್ಬೇಡಿ, ನನ್ ಮಾತು ಕೇಳಿ' ಅಂತಾಳೆ. ಅಷ್ಟೇ, ನಡುಕ ನಿಂತೋಗುತ್ತೆ."

ಶೈಲಶ್ರೀ ಮೇಜಿನ ಮೇಲೆ ಮೊಣಕೈ ಊರಿದಳು. ಅವಳಿಗೆ ಕುತೂಹಲ ತಡೆಯಲಾಗಲಿಲ್ಲ.

"ನೋಡೋಕೆ ಹೇಗಿದ್ದಾಳೆ?"

ವಸಂತ್ ಅವಳ ಮುಖ ನೋಡಿದ, ಆಮೇಲೆ ದಾಳ ನೋಡಿದ. ಕಿವಿ ಕೆಂಪಗಾಗಿತ್ತು. "ಬೈಯುವಾಗ ಚೆನ್ನಾಗಿ ಕಾಣ್ತಾಳೆ."

"ಅವಳಿಗೆ ಗೊತ್ತಾ ಇದು?"

"ಗೊತ್ತಾಗ್ಲಿ ಅಂತಾನೇ ಕಾಯ್ತಿದ್ದಾನೆ. ಆಗ್ಲಿಲ್ಲ ಅಂದ್ರೆ ಬೇರೆ ಚಂದ್ರನಿಗೆ ಹೊರಟೋಗ್ತಾನೆ."

ಅವನ ಮನಸ್ಸಿನಲ್ಲಿ ಬೇರೆ ಯಾವಳೋ ಇದ್ದಾಳೆ ಎಂದು ಶೈಲಶ್ರೀ ಆಗಲೇ ತೀರ್ಮಾನಿಸಿಬಿಟ್ಟಳು. ಇಷ್ಟು ದಿನ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ನಕ್ಕಿದ್ದು, ನಿಂತು ಮಾತಾಡಿದ್ದು ಬರೀ ಬಾಡಿಗೆದಾರನ ಮರ್ಯಾದೆ ಇರಬೇಕು. ಅವಳಿಗೆ ಹೊಟ್ಟೆ ಉರಿಯಿತು.

"ಸರಿ," ಎಂದಳು. "ಒಂದು ಉಲ್ಕೆ ಬಂತು. ಟವರಿಗೆ ಬಡೀತು. ಒಳಗಿದ್ದೋರು ಯಾರೂ ಉಳೀಲಿಲ್ಲ."

"ಹೇಳಿದ್ನಾ ಇಲ್ವಾ!" ಎಂದು ಈರೇಶ್ ಬಿದ್ದು ಬಿದ್ದು ನಕ್ಕ. ವಸಂತ್ ನಗಲಿಲ್ಲ. ದಾಳವನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತ.

"ಹಾಗಾದ್ರೆ ಪೈಲಟ್ ಹೊರಟ. ನಾನೂ ಸಾರ್‌ಗೆ ರೂಮ್ ಬಿಡ್ತೀನಿ ಅಂತ ಹೇಳ್ಬಿಡ್ತೀನಿ."

ಅಷ್ಟರಲ್ಲಿ ಕೆಳಗಿನಿಂದ ಹನುಮಂತರಾಯಪ್ಪನವರ ಕೂಗು ಕೇಳಿಸಿತು. "ವಸಂತಪ್ಪಾ, ನೀರಿನ್ ಟ್ಯಾಂಕರ್ ಬಂದದೆ! ನಿನ್ ಗಾಡಿ ವಸಿ ಒಳೀಕೆ ಆಕಪ್ಪಾ!"

ಹಿಂದೆ ಹಸು ಕಟ್ಟುತ್ತಿದ್ದ ಕೊಟ್ಟಿಗೆಯೇ ಈಗ ಆ ಮನೆಯ ಪಾರ್ಕಿಂಗ್. ಎರಡು ಕಂಬಗಳ ನಡುವೆ ರಿವರ್ಸಲ್ಲೇ ನುಗ್ಗಿಸಬೇಕು. ವಸಂತ್ ಸೆಕೆಂಡ್ ಹ್ಯಾಂಡ್ ಕಾರು ಕೊಂಡಂದಿನಿಂದ ಗೇಟಿನ ಬಳಿ ನಿಂತು ದಾರಿ ಹೇಳುವುದು ಶೈಲಶ್ರೀಯ ಪಾಲಿಗೆ ಬಂದಿತ್ತು. ಇವತ್ತು ಮನಸ್ಸಿಲ್ಲದಿದ್ದರೂ ಅಭ್ಯಾಸಬಲದಿಂದ ಇಳಿದು ಬಂದಳು.

"ಬರ್ಲಿ, ಬರ್ಲಿ... ಲೆಫ್ಟ್ ಕಟ್ ಮಾಡಿ... ಅಯ್ಯೋ, ಕಂಬ! ಏನ್ರೀ ನೀವು, ಹಿಂದೆ ತಿರುಗಿ ನೋಡ್ಬೇಡಿ, ನನ್ ಮಾತು ಕೇ..."

ಮಾತು ಬಾಯಲ್ಲೇ ಉಳಿಯಿತು. ಮುಂದಿನ ಮಾತು ಬರದೆ ಕಾರೂ ನಿಂತಿತು. ಕಾರಿನ ಕನ್ನಡಿಯಲ್ಲಿ ವಸಂತನ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

ಶೈಲಶ್ರೀ ಕಿಟಕಿಯ ಹತ್ತಿರ ಬಂದಳು. "ಟವರಲ್ಲಿ ಇದ್ದಿದ್ದು... ನಾನಾ?"

"ಇದ್ರಿ. ನೀವೇ ಉಲ್ಕೆ ಹೊಡೆದ್ರಿ."

"ನೆಟ್ಟಗೆ ಹೇಳೋಕೆ ಏನಾಗಿತ್ತು ನಿಮಗೆ?"

"ಓನರ್ ಮಗಳಿಗೆ ಹೇಗ್ರೀ ಹೇಳೋದು? ಬೇಡ ಅಂದ್ರೆ ದಿನಾ ಇದೇ ಮೆಟ್ಟಿಲು ಹತ್ತಬೇಕಲ್ಲ. ಆಟದಲ್ಲಾದ್ರೆ ನಗ್ತಾ ಕೇಳ್ತೀರಾ ಅಂದ್ಕೊಂಡೆ. ಕೊಂದೇಬಿಟ್ರಿ, ಅದೇ ಉತ್ತರ ಇರ್ಬೇಕು ಅನ್ಸ್ತು."

"ಯಾವಳೋ ಬೇರೆಯವಳು ಅಂದ್ಕೊಂಡೆ ಕಣ್ರೀ," ಎಂದಳು ಶೈಲಶ್ರೀ. "ನಂಗೆ ಸಹಿಸೋಕಾಗ್ಲಿಲ್ಲ, ಅದಕ್ಕೇ ಕೊಂದೆ."

ವಸಂತ್ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ನಿಧಾನವಾಗಿ ಮುಖವೆಲ್ಲ ನಗುವಾಯಿತು. "ಹಾಗಾದ್ರೆ ವಾಪಸ್ ಬದುಕಿಸ್ಬಿಡಿ."

"ಆಗಲ್ಲ. ಸತ್ತೋರು ಸತ್ತ ಹಾಗೇ. ನಿಮಗೋಸ್ಕರ ರೂಲ್ಸ್ ಬದಲಾಯ್ಸಿದ್ರೆ ಈರೇಶ್ ತಮ್ಮಜ್ಜಿನೂ ಬದುಕಿಸಿ ಅಂತಾರೆ." ಅವಳ ದನಿ ಸಣ್ಣಗಾಯಿತು. "ಅವಳು ಹೋದ್ರೆ ಹೋದ್ಲು. ನಾನು ಇಲ್ಲೇ ಇದ್ದೀನಲ್ಲ. ಹೋಗ್ಬೇಡಿ ವಸಂತ್."

"ಅಕ್ಕಾ, ಇವತ್ತು ಜಾಗ ಬಿಡ್ತೀರಾ?" ಎಂದು ಟ್ಯಾಂಕರಿನವನು ಹಾರ್ನ್ ಒತ್ತಿದ. ಹನುಮಂತರಾಯಪ್ಪನವರು ಪೈಪು ಹಿಡಿದು ಗೇಟಿಗೇ ಬಂದರು.

ವಸಂತ್ ಕಾರಿನಿಂದಿಳಿದ. "ಸಾರ್, ನಾನು ರೂಮ್ ಖಾಲಿ ಮಾಡಲ್ಲ."

"ಅಲ್ಲಪ್ಪಾ, ಆಪೀಸು ಬೆಳ್ಳಂದೂರಿಗೆ ಓಯ್ತದೆ ಅಂದಿದ್ದೆ? ದಿನಾ ಆ ಟ್ರಾಫಿಕ್‌ನಾಗೆ ಯಾಕ್ ಸಾಯ್ತೀಯ?"

ವಸಂತ್ ಶೈಲಶ್ರೀಯ ಕಡೆ ನೋಡಿದ. ಶೈಲಶ್ರೀ ಅಪ್ಪನ ಕೈಯಿಂದ ಪೈಪು ಇಸಿದುಕೊಂಡು ಅವನ ಕೈಗೆ ಕೊಟ್ಟಳು.

"ಯಾಕೆ ಅಂತ ನಾನು ಹೇಳ್ತೀನಪ್ಪ," ಎಂದಳು. "ಒಳಗೆ ಬನ್ನಿ, ಅಮ್ಮನೂ ಕೇಳ್ಲಿ."