ಹನ್ನೊಂದು ಮತಗಳ ಬೂತ್

ಸಹೃದಯರಾದ ವಾಚಕ ಮಹಾಶಯರೇ, ಪ್ರೇಮವು ಧೀರರ ಸ್ವತ್ತೆಂದು ತಾವು ಅನೇಕ ಗ್ರಂಥಗಳಲ್ಲಿ ಓದಿರಬಹುದು. ಹೆದರಿ ನಡುಗುತ್ತಿದ್ದ ಇಬ್ಬರ ವೃತ್ತಾಂತವನ್ನು ಅರಿಕೆ ಮಾಡಿಕೊಳ್ಳಲು ಅಪ್ಪಣೆಯಾಗಬೇಕು.

ಊರಾಚೆಯ ನೀರು ಶುದ್ಧೀಕರಣ ಕೇಂದ್ರದಲ್ಲಿ ಕೆಲಸಗಾರರು ಹನ್ನೊಂದೇ ಮಂದಿ. ನಗರಸಭೆಯ ಚುನಾವಣೆಗೆ ಅವರಿಗೆಂದೇ ಒಂದು ಬೂತ್. ಸಂಜೆ ಅಲ್ಲಿಯೇ ಎಣಿಕೆ, ಅಲ್ಲಿಯೇ ಘೋಷಣೆ.

ನೀರನ್ನು ಪರೀಕ್ಷಿಸುವ ಹುಡುಗಿಗೆ ಅಂದು ಬೆಳಗಿನಿಂದಲೇ ಕೈಕಾಲು ತಣ್ಣಗಾಗಿದ್ದವು. ಬಣ್ಣದ ಕಾರ್ಖಾನೆಯ ವಿಷ ನದಿಗೆ ಸೇರುತ್ತಿರುವುದನ್ನು ಅವಳ ಗಾಜಿನ ಕೊಳವೆಗಳು ಮೂರು ತಿಂಗಳಿಂದ ತೋರಿಸುತ್ತಿದ್ದವು. ಕೊಡೆಯ ಪಕ್ಷವಾಗಲಿ ದೀಪದ ಪಕ್ಷವಾಗಲಿ ತುಟಿ ಬಿಚ್ಚಿರಲಿಲ್ಲ. ಬಿಚ್ಚಿದವರು ಏಣಿ ಗುರುತಿನ ಪುಟ್ಟ ಪಕ್ಷದಿಂದ ನಿಂತಿದ್ದ ನಿವೃತ್ತ ನರ್ಸ್ ಒಬ್ಬರೇ.

"ಹನ್ನೊಂದಕ್ಕೆ ಹನ್ನೊಂದೂ ಕೊಡೆಗೇ ಬೀಳ್ಬೇಕು," ಎಂದಿದ್ದ ಮೇಲ್ವಿಚಾರಕ. "ಒಂದು ಆಚೀಚೆ ಆದ್ರೂ ಯಾರ್ದು ಅಂತ ಹುಡುಕ್ತೀನಿ. ಆಮೇಲೆ ಕೆಲ್ಸಾನೂ ಇಲ್ಲ, ಕ್ವಾರ್ಟರ್ಸೂ ಇಲ್ಲ."

ಆ ಕ್ವಾರ್ಟರ್ಸಿನ ಎರಡು ಕೋಣೆಗಳಲ್ಲಿ ಅವಳ ತಾಯಿಯಿದ್ದಳು, ತಂಗಿಯಿದ್ದಳು.

ಸಾಲಿನಲ್ಲಿ ಅವಳ ಬೆನ್ನಿಗೇ ಪಂಪ್ ಆಪರೇಟರ್ ನಿಂತಿದ್ದ. ಕೊಡೆಯ ಅಭ್ಯರ್ಥಿಗೆ ಸ್ವಂತ ಅಕ್ಕನ ಮಗ, ಎಲ್ಲರ ಬಾಯಲ್ಲೂ "ಅಳಿಯಂದ್ರು."

"ಏನ್ ಮೇಡಂ, ಕೈ ನಡುಗ್ತಿದೆ?"

"ಚಳಿ."

"ಈ ಬಿಸಿಲಲ್ಲಾ?"

ಅವನ ನೋಟ ಅವಳ ಬೆರಳುಗಳ ಮೇಲೆ ತುಸು ಹೆಚ್ಚೇ ಹೊತ್ತು ನಿಂತು, ಕೆನ್ನೆಯವರೆಗೆ ಏರಿ, ನಾಚಿ ಹಿಂದಿರುಗಿತು. ಸ್ಯಾಂಪಲ್ ಬಾಟಲಿ ಕೊಡುವ ನೆಪದಲ್ಲಿ ದಿನವೂ ಹೀಗೆಯೇ ನೋಡುತ್ತಿದ್ದ. ಇಂದು ಮಾತ್ರ ಅದು ಗೂಢಚಾರನ ನೋಟವೆನಿಸಿ ಅವಳು ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ಒಳಗೆ ಹೋಗಿ ಕಣ್ಣು ಮುಚ್ಚಿ, ತೆರೆದು, ಏಣಿಯ ಮೇಲೆ ಮುದ್ರೆಯೊತ್ತಿದಳು.

ಸಂಜೆ ಮತಗಟ್ಟೆ ಅಧಿಕಾರಿ ಓದಿದ: "ಕೊಡೆ, ಒಂಬತ್ತು. ದೀಪ, ಸೊನ್ನೆ. ಏಣಿ, ಎರಡು."

ಎರಡು ಹೇಗೆ? ತನ್ನದೊಂದು. ಮತ್ತೊಂದು?

ಮೇಲ್ವಿಚಾರಕನ ಕಣ್ಣು ಎಲ್ಲರನ್ನೂ ಜಾಲಾಡಿ ಮುದಿ ಗೇಟ್‌ಕೀಪರನ ಮೇಲೆ ಕುಳಿತಿತು. "ನೀನೇ ಅಲ್ವೇನೋ ಮುದುಕಾ?"

"ದೇವ್ರಾಣೆಗೂ ಇಲ್ಲ ಸ್ವಾಮಿ! ನನ್ನ ಹೊಟ್ಟೆ ಮೇಲೆ ಹೊಡೀಬೇಡಿ..."

"ಅವ್ರನ್ನ ಬಿಡಿ ಸಾರ್. ಒಂದು ನಂದು." ಪಂಪ್ ಆಪರೇಟರ್ ಒಂದು ಹೆಜ್ಜೆ ಮುಂದೆ ಬಂದ.

"ತಮಾಷೆ ಬೇಡ ಅಳಿಯಂದ್ರೇ!"

"ಬಾಟ್ಲಿ ತುಂಬ್ಸೋನು ನಾನು. ಆ ನೀರಿನ ವಾಸನೆ ನಂಗೂ ಗೊತ್ತು."

"ಹಾಗಾದ್ರೆ ಇನ್ನೊಂದು?"

ಗೇಟ್‌ಕೀಪರ್ ಇನ್ನೂ ಕೈ ಮುಗಿದೇ ನಿಂತಿದ್ದ. ಅವಳಿಗೆ ಅಮ್ಮನ ಮುಖ ಕಣ್ಣೆದುರು ಬಂತು. ಆದರೂ ಬಾಯಿ ತಾನಾಗಿ ತೆರೆಯಿತು.

"ನಂದು."

ಹೊರಗೆ, ಪಂಪ್‌ಹೌಸಿನ ಮೆಟ್ಟಿಲ ಮೇಲೆ ಅವನು ಕೇಳಿದ: "ನೀವ್ಯಾಕೆ ಬಾಯ್ಬಿಟ್ರಿ?"

"ನಿಮ್ಮೊಬ್ರನ್ನೇ ಬಿಟ್ಟುಬಿಡೋಕೆ ಇನ್ನೂ ಭಯ ಆಯ್ತು."

"ಮಾವನ ಮುಖ ನೆನೆಸ್ಕೊಂಡ್ರೆ ನನ್ನ ಮಂಡಿ ಇನ್ನೂ ಅಲ್ಲಾಡ್ತಿದೆ. ಮೇಡಂ, ಒಂದ್ ವಿಷ್ಯ ಮೂರು ತಿಂಗ್ಳಿಂದ..."

"ಗೊತ್ತು. ಬಾಟ್ಲಿ ಕೊಡೋಕೆ ಯಾರಾದ್ರೂ ಅರ್ಧ ಗಂಟೆ ತಗೋತಾರಾ?"

ಅವನು ಮುಖ ತಗ್ಗಿಸಿದ. ಅವಳೇ ಅವನ ಕೈ ಹಿಡಿದಳು, ಅದೂ ಮಂಜುಗಡ್ಡೆಯಾಗಿತ್ತು.

"ಮನೆ ಖಾಲಿ ಮಾಡ್ಬೇಕು ಅಂತ ಅಮ್ಮನಿಗೆ ಹೇಳ್ಬೇಕು. ಜೊತೆಗೆ ಬನ್ನಿ."

"ಏನಂತ ಬರ್ಲಿ?"

"ಮೂರು ತಿಂಗ್ಳಿಂದ ಹೇಳ್ದೆ ಉಳ್ಸ್ಕೊಂಡಿದೀರಲ್ಲ, ಅದನ್ನ ಅಮ್ಮನ ಮುಂದೇನೇ ಹೇಳಿ."

ಏಣಿ ಸೋತಿತು, ವಾಚಕರೇ. ಮರುದಿನ ಅವರ ಸಾಮಾನನ್ನು ಲಾರಿಗೇರಿಸಲು ಕೈಜೋಡಿಸಿ, ಇದೆಲ್ಲವನ್ನೂ ಅವರ ಬಾಯಿಂದಲೇ ಕೇಳಿದ ದಾರಿಹೋಕನು ನಾನು. ಹಗ್ಗ ಬಿಗಿಯುವಾಗಲೂ ಇಬ್ಬರ ಕೈಗಳೂ ನಡುಗುತ್ತಿದ್ದವು; ಗಂಟು ಮಾತ್ರ ಭದ್ರವಾಗಿ ಬಿದ್ದಿತು. ಲಾರಿ ಒಂದು ದಿಕ್ಕಿಗೆ ಹೋಯಿತು. ನಾನು ನನ್ನ ಬಟ್ಟೆಬರೆಯನ್ನು ಚೀಲಕ್ಕೆ ತುರುಕಿ, ಹೆಗಲಿಗೇರಿಸಿ, ಇನ್ನೊಂದು ದಿಕ್ಕಿಗೆ ಹೊರಟಿದ್ದೇನೆ.