ರವಿಕೆಯಲ್ಲಿ ನಸುಗುನ್ನಿ

ರವಿಕೆಯನ್ನು ಎತ್ತಿದ ಕ್ಷಣಕ್ಕೇ ಗಿರಿಜಾಂಬಾ ಅವರ ಬೆರಳುಗಳಿಗೆ ಬೆಂಕಿ ತಗುಲಿದಂತಾಯಿತು.

೧೯೫೩ರ ಸಂಕ್ರಾಂತಿ ಕಳೆದ ಮೇಲಿನ ಸೋಮವಾರ. ಮಲ್ಲೇಶ್ವರಂ ಹದಿನೈದನೆಯ ಅಡ್ಡರಸ್ತೆಯ ಮನೆ. ಮಗಳಿಗೆ ಉಡಲು ಬಟ್ಟೆ ತೆಗೆದಿಡೋಣವೆಂದು ಅವರು ಪೆಟ್ಟಿಗೆ ತೆರೆದು, ಮೇಲಿದ್ದ ಹಸಿರು ರವಿಕೆಗೆ ಕೈ ಹಾಕಿದ್ದರು. ಅಷ್ಟೆ. ಅಂಗೈ, ಮಣಿಕಟ್ಟು, ಬೆರಳ ಸಂದಿ—ತಡೆಯಲಾರದ ನವೆ! ಬೆಳಕಿಗೆ ಹಿಡಿದು ನೋಡಿದರೆ ಬಟ್ಟೆಯ ಮೇಲೆಲ್ಲ ಹೊಂಬಣ್ಣದ ಸಣ್ಣ ರೋಮ. ನಸುಗುನ್ನಿ. ಬೇಲಿಯ ಮೇಲೆ ಹಬ್ಬುವ ಬಳ್ಳಿಯ ಕಾಯಿ; ಅದರ ರೋಮ ಮೈಗೆ ತಗುಲಿದರೆ ಕೆರೆದು ಕೆರೆದು ಸಾಕಾಗಬೇಕು.

ಗಿರಿಜಾಂಬಾ ಅವರ ಮಗಳು ಮಹಾನಂದ ಹಲವು ವಾರಗಳಿಂದ ನವೆಯಲ್ಲಿ ಬೇಯುತ್ತಿದ್ದಳು. ಕಡೆಗೂ ಕಾರಣ ಸಿಕ್ಕಿತೆಂದು ಎಲ್ಲರೂ ತಿಳಿದರು. ಉಳಿದದ್ದು ಒಂದೇ ಪ್ರಶ್ನೆ—ಹಾಕಿದವರು ಯಾರು?

ಮಧ್ಯಾಹ್ನದೊಳಗೆ ಅದಕ್ಕೂ ಉತ್ತರ ಸಿದ್ಧವಾಗಿತ್ತು. ಬಟ್ಟೆ ಒಗೆದು ಮಡಿಚಿಡುತ್ತಿದ್ದ ಅಕ್ಕಯಮ್ಮ. ಮನೆಯ ಯಜಮಾನರು, ತರಗುಪೇಟೆಯಲ್ಲಿ ಧಾನ್ಯದ ಮಂಡಿಯಿದ್ದ ವೃಷಭೇಂದ್ರಪ್ಪ, ಅವಳನ್ನು ಬೀದಿಯಲ್ಲಿ ನಿಲ್ಲಿಸಿ ಬೈದು ಅಟ್ಟಿದರು. ನಾಳೆ ಪೊಲೀಸ್ ಸ್ಟೇಷನ್ನಿಗೆ ದೂರು ಎಂದರು.

ಗಿರಿಜಾಂಬಾ ಅವರಿಗೆ ಮನಸ್ಸು ಒಪ್ಪಲಿಲ್ಲ. ಸಂಜೆ ಅವರು ಬಂದದ್ದು ಶೈಲಜಮ್ಮನವರ ಬಳಿಗೆ.

ಶೈಲಜಮ್ಮನವರು ಹೆಂಗಸರ ಜೈಲಿನ ಮೇಲ್ವಿಚಾರಕಿಯಾಗಿ ನಿವೃತ್ತರಾದವರು. ಸುಳ್ಳನ್ನೂ ಅಳುವನ್ನೂ ಬೇಕಾದಷ್ಟು ಕೇಳಿದವರು. ಸುತ್ತಲಿನ ಬೀದಿಗಳಲ್ಲಿ ಏನಾದರೂ ಕಳೆದರೆ, ಪೊಲೀಸರಿಗೆ ಹೇಳಲು ಸಂಕೋಚವಾದರೆ, ಜನ ಅವರ ಬಾಗಿಲು ತಟ್ಟುತ್ತಿದ್ದರು. ನಾನು, ರಂಗನಾಯಕಿ, ಅವರ ಹಿತ್ತಲ ಮನೆಯಲ್ಲಿ ಬಾಡಿಗೆಗಿದ್ದ ಶಾಲೆಯ ಮೇಡಂ. ಇಂಥ ಕೆಲಸಗಳಿಗೆ ಹೋಗುವಾಗ ನನ್ನನ್ನು ಜೊತೆಗೆ ಕರೆಯುವುದು ಅವರ ರೂಢಿ.

ಮಾರನೆಯ ಬೆಳಿಗ್ಗೆ ನಾವು ಹೋದಾಗ ವೃಷಭೇಂದ್ರಪ್ಪನವರು ಹಜಾರದಲ್ಲಿ ಶತಪಥ ಹಾಕುತ್ತಿದ್ದರು.

"ಇದರಲ್ಲಿ ಪತ್ತೆ ಮಾಡೋಕೆ ಏನಿದೆ ಶೈಲಜಮ್ಮನೋರೇ? ಬಟ್ಟೆ ಮುಟ್ಟೋಳು ಅವಳೊಬ್ಳೇ. ಅವಳ ಊರು ಮತ್ತೀಕೆರೆ, ಬೇಲಿ ತುಂಬ ನಸುಗುನ್ನಿ. ಇನ್ನೇನು ಬೇಕು?"

"ಅವಳಿಗೇನು ದ್ವೇಷ?"

"ದ್ವೇಷ ಅಲ್ಲ, ಹಟ. ಮಗಳ ಊಟ ಅವಳಿಗೆ ಹಿಡಿಸ್ಲಿಲ್ಲ. ಅನ್ನ ಬಿಡಿಸಿ ಮಗೂನ ಕೊಲ್ತೀರಾ ಅಂತ ನನ್ನ ಎದುರಿಗೇ ಅಂದೋಳು. ಹೀಗೆ ಮಾಡಿದ್ರೆ ಊಟ ನಿಲ್ಲಿಸ್ತಾರೆ ಅಂತ ಲೆಕ್ಕ."

ಆ ಊಟದ ಕಥೆ ಇಷ್ಟು. ಮಹಾನಂದಳಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ನಡೆಯುತ್ತಿದ್ದವಳು ಬೀಳುತ್ತಿದ್ದಳು, ಒಮ್ಮೆ ಒಲೆಯ ಪಕ್ಕದಲ್ಲೇ ಬಿದ್ದು ತೋಳು ಸುಟ್ಟಿತ್ತು. ಮಾತ್ರೆ ನುಂಗಿದರೆ ಒಸಡು ಊದಿ, ದಿನವಿಡೀ ಮಂಪರು. ವಿದೇಶದಲ್ಲಿ ಓದಿ ಬಂದಿದ್ದ ಡಾಕ್ಟರ್ ಶಿವರುದ್ರಪ್ಪ ಹೊಸ ದಾರಿ ಹಿಡಿದರು—ಅನ್ನ, ರಾಗಿ, ಬೆಲ್ಲ, ಬಾಳೆಹಣ್ಣು ಎಲ್ಲ ಬಂದ್. ಬೆಣ್ಣೆ, ತುಪ್ಪ, ಕೆನೆ, ಕೊಬ್ಬರಿ, ಚೂರು ಸೊಪ್ಪು—ಅಷ್ಟೇ ಊಟ. ಧಾನ್ಯದ ವ್ಯಾಪಾರಿಯ ಮಗಳು ಒಂದು ಕಾಳು ಧಾನ್ಯ ಮುಟ್ಟುವಂತಿರಲಿಲ್ಲ. ಸಂಕ್ರಾಂತಿಯ ದಿನ ಎಳ್ಳು ಬೀರಿ ಬಂದವಳು ತನ್ನ ಪಾಲಿನ ಬೆಲ್ಲವನ್ನು ಪಕ್ಕಕ್ಕೆ ಆರಿಸಿಟ್ಟಳಂತೆ. ಆದರೆ ಫಿಟ್ಸ್ ನಿಂತಿತು! ದೀಪಾವಳಿಯಿಂದ ಒಂದು ಸಲವೂ ಬಿದ್ದಿರಲಿಲ್ಲ. ಹುಡುಗಿ ಒಬ್ಬಳೇ ಕಾಲೇಜಿಗೆ ಹೋಗಿಬರುವಂತಾಗಿದ್ದಳು.

ನವೆ ಶುರುವಾದದ್ದು ಅದರ ಹಿಂದೆಯೇ.

"ಆ ಊಟ ಈಗ ನಡೀತಿದೆಯಾ?" ಶೈಲಜಮ್ಮ ಕೇಳಿದರು.

"ನಡೀತಿದೆ. ನಿಜ ಹೇಳ್ಬೇಕಂದ್ರೆ, ಭಾನುವಾರ ರಾತ್ರಿ ಊಟಕ್ಕೆ ಕೂತಾಗ ನಾನೇ ಹೇಳಿಬಿಟ್ಟಿದ್ದೆ, ನಾಳೆಯಿಂದ ಇವಳಿಗೆ ಅನ್ನ ಹಾಕಿ ಅಂತ. ಬೆಣ್ಣೆ ತಿಂದು ಉಷ್ಣ ಆಗಿ ಮೈ ಒಡೀತಿದೆ ಅಂದ್ಕೊಂಡಿದ್ದೆ. ಬೆಳಿಗ್ಗೆ ನೋಡಿದ್ರೆ ನಸುಗುನ್ನಿ. ಊಟದ್ದು ತಪ್ಪಿಲ್ಲ, ಮುಂದುವರೀಲಿ ಅಂದೆ."

ಶೈಲಜಮ್ಮ ತಲೆಯಾಡಿಸಿ ಒಳಗೆ ನಡೆದರು.

ಕೋಣೆಯಲ್ಲಿ ಮಹಾನಂದ ಕಿಟಕಿಯ ಬಳಿ ಕುಳಿತಿದ್ದಳು. ಇಪ್ಪತ್ತರ ಹುಡುಗಿ. ಬಡಕಲು ಮೈ, ಚುರುಕು ಕಣ್ಣು.

"ನನಗೆ ತೋರಿಸ್ತೀಯೇನಮ್ಮಾ?"

ನಾನು ಬಾಗಿಲು ಹಾಕಿದೆ. ಅವಳು ಬೆನ್ನು ತಿರುಗಿಸಿ ಸೆರಗು ಸರಿಸಿದಳು. ಕತ್ತಿನ ಹಿಂದೆ, ಬೆನ್ನ ಮೇಲೆ, ಎದೆಯ ನಡುವೆ ಕೆಂಪು ಗುಳ್ಳೆಗಳು. ಅವುಗಳ ಸಂದಿಯಲ್ಲಿ ಕಂದುಬಣ್ಣದ ಹಳೆಯ ಕಲೆಗಳು, ಬಲೆ ಹರಡಿದ ಹಾಗೆ. ತೋಳು, ಅಂಗೈಗಳಲ್ಲಿ ಏನೂ ಇಲ್ಲ.

"ತುಂಬಾ ನವೆನಾ?"

"ರಾತ್ರಿ ನಿದ್ದೆ ಇಲ್ಲ ಅಮ್ಮಾವ್ರೇ. ಬೆನ್ನನ್ನ ಗೋಡೆಗೆ ಉಜ್ಜಿಕೊಳ್ತೀನಿ. ಒಂದೊಂದ್ಸಲ ಚರ್ಮ ಕಿತ್ತು ಹಾಕೋಣ ಅನ್ನಿಸುತ್ತೆ."

"ಆದ್ರೂ ಊಟ ಬಿಡಲ್ಲ?"

"ಬಿಡಲ್ಲ." ಉತ್ತರ ತಟ್ಟನೆ ಬಂತು. "ನವೆ ಬಂದ್ರೆ ನಾನು ನಾನಾಗೇ ಇರ್ತೀನಿ. ಫಿಟ್ಸ್ ಬಂದಾಗ ನಾನೇ ಇರೋದಿಲ್ಲ."

ಗಿರಿಜಾಂಬಾ ರವಿಕೆ ತಂದರು, ಇಕ್ಕಳದಲ್ಲಿ ಹಿಡಿದು. ಅವರ ಕೈ ಇನ್ನೂ ಕೆಂಪಗಿತ್ತು. ಶೈಲಜಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇಸ್ತ್ರಿಯ ಮಡಿಕೆ ಹಾಗೇ ಇತ್ತು. ರೋಮವೆಲ್ಲ ಹೊರಮೈಯಲ್ಲೇ.

"ಸಿಕ್ಕಿದ್ದು ಹೇಗೆ? ಸ್ವಲ್ಪ ಬಿಡಿಸಿ ಹೇಳಿ."

"ಪೆಟ್ಟಿಗೆ ತೆಗೆದೆ ಅಕ್ಕಾ. ಇವಳು ಕನ್ನಡಿ ಮುಂದೆ ತಲೆ ಬಾಚ್ಕೊಳ್ತಿದ್ಲು. 'ಅಮ್ಮಾ, ಬರಿಗೈಲಿ ಮುಟ್ಟಬೇಡ' ಅಂತ ಕೂಗಿದ್ಲು. ಅಷ್ಟರಲ್ಲಿ ನಾನು ಎತ್ತೇಬಿಟ್ಟಿದ್ದೆ. ಉರಿ ಹೇಳತೀರದು! ಕೊಬ್ಬರಿ ಎಣ್ಣೆ ಹಚ್ಚಿದ ಮೇಲೇ ಸಂಜೆಗೆ ಕಡಮೆ ಆಗಿದ್ದು."

ಅಡುಗೆಮನೆಯಲ್ಲಿ ಸೊಸೆ ಕೋಕಿಲಾ ಇದ್ದಳು. ಮಹಾನಂದಳಿಗೆ ಬೇರೆ ಅಡುಗೆ ಮಾಡುವ ಭಾರ ಅವಳದು. ಬೇಸರವಿಲ್ಲವೇ ಎಂದು ಶೈಲಜಮ್ಮ ನೇರವಾಗಿ ಕೇಳಿದರು.

"ಇದೆ," ಎಂದಳು ಕೋಕಿಲಾ, ಅಷ್ಟೇ ನೇರವಾಗಿ. "ತಕ್ಕಡೀಲಿ ಸೊಪ್ಪು ತೂಗಿ ತೂಗಿ ಸಾಕಾಗಿದೆ. ಆದ್ರೆ ಅವಳು ಬೀಳೋದು ನಿಂತ್ಮೇಲೆ ಈ ಮನೇಲಿ ಎಲ್ರೂ ನಿದ್ದೆ ಮಾಡ್ತಿದ್ದಾರೆ. ನಾನ್ಯಾಕೆ ಹಾಳು ಮಾಡ್ಲಿ?"

"ನವೆ ನಡುವೆ ಎಂದಾದ್ರೂ ನಿಂತಿತ್ತಾ?"

"ನಿಂತಿತ್ತಲ್ಲ! ಧನುರ್ಮಾಸದಲ್ಲಿ ಜ್ವರ ಬಂದು ಮಲಗಿದ್ಲು. ಅತ್ತೆ ಬೇವಿನ ಎಲೆ ನೀರಲ್ಲಿ ಮೈ ಒರೆಸಿದ್ರು. ಗುಳ್ಳೆಯೆಲ್ಲ ಇಂಗಿಹೋಯ್ತು. ಎದ್ದು ಓಡಾಡೋಕೆ ಶುರು ಮಾಡಿದ್ಲು, ಮತ್ತೆ ಬಂತು. ಆಮೇಲೆ ಎಷ್ಟು ಬೇವಿನ ನೀರು ಹಾಕಿದ್ರೂ ಹೋಗಲಿಲ್ಲ."

"ಜ್ವರದಲ್ಲಿ ಬೆಣ್ಣೆ ತಿಂದ್ಲಾ?"

"ವಾಂತಿ ಆಗ್ತಿತ್ತು. ಅಕ್ಕಿ ಗಂಜಿ ಕೊಟ್ವಿ. ಡಾಕ್ಟರೂ ಬೇಡ ಅನ್ನಲಿಲ್ಲ."

"ಬಟ್ಟೆ?"

"ಅದೇ ಬಟ್ಟೆ. ಅಕ್ಕಯಮ್ಮ ಒಗೆದು ಕೊಟ್ಟಿದ್ದೇ."

ಮಧ್ಯಾಹ್ನ ಜಟಕಾ ಹಿಡಿದು ಮತ್ತೀಕೆರೆಗೆ ಹೋದೆವು. ಅಕ್ಕಯಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ನಮ್ಮನ್ನು ಕಂಡರೂ ಮೊರ ಕೆಳಗಿಡಲಿಲ್ಲ.

"ರವಿಕೆ ಮಡಿಚಿಟ್ಟಿದ್ದು ನೀನೇನಾ?"

"ನಾನೇ. ಶನಿವಾರ ಇಸ್ತ್ರಿ ಮಾಡಿ ಮಡಿಚಿಟ್ಟೆ. ಭಾನುವಾರ ನಾನು ಆ ಮನೆ ಕಡೆ ಹೋಗೇ ಇಲ್ಲ. ನಂದು ರಜಾ. ಸೋಮವಾರ ನಾನು ಹೋಗೋ ಹೊತ್ತಿಗೆ ರವಿಕೆ ಸಿಕ್ಕಾಗಿತ್ತು."

"ಕೈ ತೋರಿಸು."

ಒರಟು ಕೈ. ಆದರೆ ಒಂದು ಕೆಂಪು ಗೀರೂ ಇಲ್ಲ.

"ಅನ್ನ ಬಿಡಿಸಬ್ಯಾಡಿ ಅಂದಿದ್ದು ದಿಟ," ಅಕ್ಕಯಮ್ಮ ತಾನಾಗಿಯೇ ಹೇಳಿದಳು. "ಈಗ್ಲೂ ಅಂತೀನಿ. ಆ ಮಗೂಗೆ ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಟ್ಟು, ತಲೆ ನನ್ನ ತೊಡೆ ಮ್ಯಾಲೆ ಇಟ್ಕೊಂಡು ಕೂತಿದ್ದು ನಾನು. ಅದರ ಬಟ್ಟೇಗೆ ನಾನು ನಸುಗುನ್ನಿ ಹಾಕ್ತೀನಾ? ಯಜಮಾನ್ರು ಬೀದೀಲಿ ನಿಲ್ಸಿ ಅಂದ್ರಲ್ಲವ್ವಾ, ಎಲ್ಲಾ ಬಾಗಿಲೂ ತೆಗ್ದು ನೋಡಿದ್ರು."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಹಿಂದಿರುಗುವಾಗ ಶೈಲಜಮ್ಮ ಗಾಡಿಯನ್ನು ಡಾಕ್ಟರ್ ಶಿವರುದ್ರಪ್ಪನವರ ಕ್ಲಿನಿಕ್ಕಿನ ಮುಂದೆ ನಿಲ್ಲಿಸಿದರು. ಒಳಗೆ ಅವರೊಬ್ಬರೇ ಹೋಗಿ ಮಾತಾಡಿ, ಡಾಕ್ಟರನ್ನೂ ಜೊತೆಯಲ್ಲೇ ಕರೆತಂದರು.

ಸಂಜೆ ಎಲ್ಲರೂ ಹಜಾರದಲ್ಲಿ ಸೇರಿದೆವು. ವೃಷಭೇಂದ್ರಪ್ಪ, ಗಿರಿಜಾಂಬಾ, ಕೋಕಿಲಾ, ಡಾಕ್ಟರು. ಮಹಾನಂದ ಕಂಬಕ್ಕೆ ಒರಗಿ ನಿಂತಿದ್ದಳು.

"ಮೊದಲು ನವೆ, ಆಮೇಲೆ ನಸುಗುನ್ನಿ," ಎಂದರು ಶೈಲಜಮ್ಮ. "ಎರಡನ್ನೂ ಗಂಟು ಹಾಕಿದ್ದೇ ನೀವು ಮಾಡಿದ ತಪ್ಪು. ಗಿರಿಜಾಂಬಾ, ನಿಮ್ಮ ಕೈ ನವೆ ಸಂಜೆಗೆ ಕಡಮೆ ಆಯ್ತು. ಅದು ನಸುಗುನ್ನಿ. ಮುಟ್ಟಿದ ಕಡೆ ಉರಿಯುತ್ತೆ, ಹೋಗುತ್ತೆ. ಈ ಮಗುವಿನ ಬೆನ್ನ ಮೇಲೆ ಹಳೇ ಕಲೆ ಬಲೆಬಲೆಯಾಗಿದೆ. ಅದು ವಾರಗಟ್ಟಲೆಯದು. ರವಿಕೆ ತೊಟ್ಟರೆ ತೋಳಿಗೂ ತಗುಲಬೇಕಿತ್ತು, ತಗುಲಿಲ್ಲ. ಅಂದ್ರೆ ಆ ನವೆ ಬಟ್ಟೆಯಿಂದ ಬಂದದ್ದೇ ಅಲ್ಲ."

"ಮತ್ತೆ ಯಾವುದರಿಂದ?" ವೃಷಭೇಂದ್ರಪ್ಪ ಕೇಳಿದರು.

"ಜ್ವರ ಬಂದಾಗ ಗುಳ್ಳೆ ಇಂಗಿತು. ನೀವು ಬೇವಿನ ನೀರು ಅಂದ್ರಿ. ಆಗ ಹಾಸಿಗೆ ಅದೇ, ಬಟ್ಟೆ ಅದೇ, ಒಗೆಯೋ ಕೈ ಅದೇ. ಬದಲಾದದ್ದು ಒಂದು—ಹೊಟ್ಟೆಗೆ ಅಕ್ಕಿ ಗಂಜಿ ಹೋಯ್ತು. ಗಂಜಿ ನಿಂತು ಬೆಣ್ಣೆ ಬಂದ ಕೂಡಲೇ ನವೆಯೂ ಬಂತು. ಆಮೇಲೆ ಬೇವಿನ ನೀರು ಕೆಲಸ ಮಾಡಲಿಲ್ಲ ಯಾಕೆ? ಮೊದಲೂ ಮಾಡಿರಲಿಲ್ಲ."

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ನಾನು ಓದಿದ ಪುಸ್ತಕಗಳಲ್ಲಿ ಇದಿಲ್ಲ. ಆದ್ರೆ ಅವರು ಹೇಳಿದ ಕ್ರಮ ನೋಡಿದ್ರೆ, ಇಲ್ಲ ಅನ್ನೋಕೂ ಆಗಲ್ಲ."

"ಹಾಗಾದ್ರೆ ನಾನು ಹೇಳಿದ್ದೇ ಸರಿ! ಊಟದ್ದೇ ತಪ್ಪು!" ಯಜಮಾನರು ಎದ್ದರು. "ಮತ್ತೆ ಆ ನಸುಗುನ್ನಿ?"

"ಕೂತ್ಕೊಳ್ಳಿ. ಊಟ ನಿಲ್ಲಿಸೋಕೆ ಯಾರೋ ಹಾಕಿದ್ರು ಅಂತ ನೀವು ಲೆಕ್ಕ ಹಾಕಿದ್ರಿ. ಊಟ ನಿಲ್ಲಿಸೋದನ್ನ ಭಾನುವಾರ ರಾತ್ರಿ ನೀವೇ ತೀರ್ಮಾನ ಮಾಡಿದ್ರಲ್ಲ! ನಸುಗುನ್ನಿ ಸಿಕ್ಕಿದ್ದರಿಂದ ಆದದ್ದೇನು? ಊಟ ಉಳೀತು. ಹಾಕಿದವರಿಗೆ ಬೇಕಾಗಿದ್ದೂ ಅದೇ. ಅಕ್ಕಯಮ್ಮನಿಗೆ ಅದು ಬೇಕಿರಲಿಲ್ಲ. ಅವಳು ಭಾನುವಾರ ಈ ಮನೇಲಿ ಇರಲೂ ಇಲ್ಲ, ಸೋಮವಾರ ಬರೋ ಹೊತ್ತಿಗೆ ರವಿಕೆ ಸಿಕ್ಕಾಗಿತ್ತು. ಆ ರೋಮ ಇಸ್ತ್ರಿ ಮಡಿಕೆಯ ಮೇಲೆ ಬಿದ್ದಿದೆ, ಒಳಗಿಲ್ಲ. ಮಡಿಚಿಟ್ಟ ಮೇಲೆ ಯಾರೋ ಉದುರಿಸಿದ್ದಾರೆ."

ಶೈಲಜಮ್ಮ ಗಿರಿಜಾಂಬಾ ಅವರತ್ತ ನೋಡಿದರು.

"ಇನ್ನೊಂದಿದೆ. ಗಿರಿಜಾಂಬಾ ನನಗೆ ಹೇಳಿದ್ರು, ಆದ್ರೆ ಅವರೇ ಗಮನಿಸಲಿಲ್ಲ. ಅವರ ಕೈಗೆ ಉರಿ ಹತ್ತಿ ಗೊತ್ತಾಗೋ ಮೊದಲೇ ಒಬ್ಬರು ಕೂಗಿದ್ರು—ಬರಿಗೈಲಿ ಮುಟ್ಟಬೇಡ. ನಸುಗುನ್ನಿ ಇದೆ ಅಂತ ಆಗ ಯಾರಿಗೆ ಗೊತ್ತಿತ್ತು?" ಅವರು ಕಂಬದ ಕಡೆ ತಿರುಗಿದರು. ದನಿ ಮೆತ್ತಗಿತ್ತು. "ನೀನು ಹೇಳ್ತೀಯಾ ಮಹಾನಂದ, ನಾನು ಹೇಳ್ಲಾ?"

ಮಹಾನಂದ ತಲೆ ತಗ್ಗಿಸಲಿಲ್ಲ.

"ನಾನೇ ಹಾಕಿದ್ದು. ಸ್ಯಾಂಕಿ ಕೆರೆ ಹತ್ರ ಬೇಲೀಲಿ ಕಾಯಿ ನೋಡಿದ್ದೆ. ಸೋಮವಾರ ಬೆಳಕು ಹರೀತಿದ್ದ ಹಾಗೆ ಹೋಗಿ, ಬಾಳೆ ಎಲೇಲಿ ಸುತ್ತಿ ತಂದೆ. ನಾನೇ ಪೆಟ್ಟಿಗೆ ತೆಗೆದು ನೋಡಿದ ಹಾಗೆ ಮಾಡೋಣ ಅಂತಿದ್ದೆ. ಅಮ್ಮ ಮೊದಲು ಕೈ ಹಾಕಿಬಿಟ್ಲು." ಅವಳು ತಂದೆಯತ್ತ ತಿರುಗಿದಳು. "ಅನ್ನ ಹಾಕಿದ್ರೆ ಮತ್ತೆ ಬೀಳ್ತೀನಿ ಅಪ್ಪಾಜಿ. ಜ್ವರದಲ್ಲಿ ಗಂಜಿ ಕುಡಿದಾಗ್ಲೇ ಎರಡು ಸಲ ಫಿಟ್ಸ್ ಬರೋ ಹಾಗೆ ಕೈ ಎಳೆದಿತ್ತು. ಯಾರಿಗೂ ಹೇಳಲಿಲ್ಲ."

"ಅಕ್ಕಯಮ್ಮನ್ನ ಬೈಯುವಾಗ?" ತಂದೆ ಕೇಳಿದರು. "ಆಗ ಯಾಕೆ ಬಾಯಿ ಬಿಡಲಿಲ್ಲ?"

"ಧೈರ್ಯ ಬರಲಿಲ್ಲ," ಎಂದಳು. "ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡೆ."

ವೃಷಭೇಂದ್ರಪ್ಪ ಮಗಳನ್ನು ನೋಡಿದರು. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು. ಬೈಗುಳ ಬರಲಿಲ್ಲ.

"ಡಾಕ್ಟ್ರೇ, ಊಟ ಬಿಟ್ರೆ ಫಿಟ್ಸು, ತಿಂದ್ರೆ ನವೆ. ನನ್ನ ಮಗಳು ಏನು ಮಾಡ್ಬೇಕು?"

"ನಡುವಿನ ದಾರಿ ನೋಡೋಣ," ಎಂದರು ಡಾಕ್ಟರು. "ತುಪ್ಪ ಸ್ವಲ್ಪ ಇಳಿಸಿ, ಒಂದು ಹಿಡಿ ಅನ್ನ ಸೇರಿಸೋಣ. ನವೆ ಹೋಗಬಹುದು. ಫಿಟ್ಸ್ ಬರಲ್ಲ ಅಂತ ಮಾತು ಕೊಡಲಾರೆ. ಕೈ ಎಳೆದ್ರೂ ನನಗೆ ಹೇಳ್ಬೇಕು ಮಹಾನಂದ, ಮುಚ್ಚಿಡಬಾರದು."

ಮರುದಿನ ತಂದೆ ಮಗಳು ಇಬ್ಬರೂ ಮತ್ತೀಕೆರೆಗೆ ಹೋದರು. ನಾವೂ ಜೊತೆಗಿದ್ದೆವು. ಅಕ್ಕಯಮ್ಮನ ಅಂಗಳದಲ್ಲಿ ಅಕ್ಕಪಕ್ಕದವರು ನೆರೆದಿದ್ದರು. ರುಮಾಲು ಸುತ್ತಿದ ವೃಷಭೇಂದ್ರಪ್ಪ ಅವರೆಲ್ಲರ ಎದುರಿಗೆ ನಿಂತು, ತಪ್ಪು ತಮ್ಮದು, ಅಕ್ಕಯಮ್ಮ ಏನೂ ಮಾಡಿಲ್ಲ ಎಂದು ಹೇಳಿದರು. ಮಹಾನಂದ ಅಕ್ಕಯಮ್ಮನ ಪಕ್ಕ ನೆಲದ ಮೇಲೆ ಕುಳಿತಳು. ಅಕ್ಕಯಮ್ಮ ಹುಡುಗಿಯ ಕತ್ತಿನ ಮೇಲಿನ ಕೂದಲು ಸರಿಸಿ ಗುಳ್ಳೆಗಳನ್ನು ನೋಡಿದಳು.

"ಇಷ್ಟೊಂದು ಆಗಿದ್ಯಾ," ಎಂದಳು.

ಹಿಡಿ ಅನ್ನದಿಂದ ನವೆ ಹೋಯಿತು. ಕಂದು ಕಲೆಗಳು ಮಾಸಲು ತಿಂಗಳುಗಳೇ ಹಿಡಿದವು. ಯುಗಾದಿಯಾಚೆ ಒಂದು ಸಲ ಫಿಟ್ಸ್ ಬಂತು. ಡಾಕ್ಟರು ಅನ್ನವನ್ನು ಇನ್ನಷ್ಟು ಇಳಿಸಿದರು. ಆಮೇಲೆ ಪರೀಕ್ಷೆಯವರೆಗೆ ಬರಲಿಲ್ಲ.

ಅಕ್ಕಯಮ್ಮ ಮಾತ್ರ ಆ ಮನೆಯ ಕೆಲಸಕ್ಕೆ ಮರಳಲಿಲ್ಲ. ಗಿರಿಜಾಂಬಾ ಎರಡು ಸಲ ಹೇಳಿಕಳಿಸಿದರು. ಬಂದ ಉತ್ತರ ಒಂದೇ: "ಕೆಲ್ಸಕ್ಕೆ ಬರಲ್ಲ. ಮಗೂನ ನೋಡಕ್ಕೆ ಬರ್ತೀನಿ."

ಬರುತ್ತಿದ್ದಳು ಕೂಡ—ಮುಂಬಾಗಿಲಿನಿಂದ, ತಲೆಗೆ ಹೂ ಮುಡಿದು. ಬಂದಾಗ ವೃಷಭೇಂದ್ರಪ್ಪನವರೇ ಎದ್ದು ಕುರ್ಚಿ ಎಳೆದು ಹಾಕುತ್ತಿದ್ದರು.