ಅಂಚಿಗೆ ಹಾಕದ ತೂಕ

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಮಧ್ಯಾಹ್ನ ನಾಲ್ಕು ಹೊಡೆದು ಸ್ವಲ್ಪ ಹೊತ್ತಾಗಿತ್ತು. ಹೊಲಿಗೆ ಅಂಗಡಿಯ ಬಾಗಿಲಲ್ಲಿ ಒಂದು ನೆರಳು ಬಿತ್ತು.

"ಅಳತೆ ಕೊಡಬೇಕಿತ್ತು..."

ಆ ದನಿ! ಅವಳ ಕೈಯ ಕತ್ತರಿ ಅರ್ಧ ಬಟ್ಟೆಯಲ್ಲೇ ನಿಂತಿತು.

ತೆಳ್ಳಗಿನ ಮೈ, ಚುಚ್ಚುವ ಮಾತು. ಬೀದಿಯವರೆಲ್ಲ ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಬಂದವನು ಬೀಗ ರಿಪೇರಿಯವನು. ಮೂರು ವರ್ಷದ ಹಿಂದೆ, ನಿಶ್ಚಿತಾರ್ಥದ ದಿನ, ಮೂವತ್ತು ಜನರ ಮುಂದೆ ಎದ್ದು ನಿಂತು, "ಈ ಹುಡುಗಿ ನನಗೆ ಬೇಡ, ಇವಳ ಮನಸ್ಸು ಬೇರೆಯವನ ಮೇಲಿದೆ" ಎಂದು ಹೇಳಿ ಹೊರಟುಹೋದವನು.

ಅಂದು ಅವಳ ಚೀಲದಲ್ಲಿ ಅವನ ಕೈಗೆ ಸಿಕ್ಕಿದ್ದ ಪ್ರೇಮಪತ್ರ ಅವಳದಲ್ಲ, ತಂಗಿಯದು. ತಂಗಿ ಬಸ್ ಡ್ರೈವರ್‌ಗೆ ಬರೆದದ್ದು. ಬಾಯಿಬಿಟ್ಟರೆ ಅಪ್ಪ ತಂಗಿಯನ್ನು ಉಳಿಸುತ್ತಿರಲಿಲ್ಲ. ಸೂಜಿ ತುಟಿ ಹೊಲಿದುಕೊಂಡಳು. ಆಮೇಲೆ ತಂಗಿ ಅದೇ ಡ್ರೈವರನನ್ನು ಮದುವೆಯಾದಾಗ ಸತ್ಯ ಎಲ್ಲರಿಗೂ ತಿಳಿಯಿತು. ಆದರೂ ಈತ ಒಂದು ದಿನ ಬಂದು ತಪ್ಪಾಯಿತು ಎನ್ನಲಿಲ್ಲ!

"ಯಾವ ಬಟ್ಟೆಗಪ್ಪ ಅಳತೆ?" ಎಂದಳು ಅಂಗಡಿಯ ಯಜಮಾನಿ, ಅವಳ ದೊಡ್ಡಮ್ಮ.

"ಈ ಭಾನುವಾರ ಚರ್ಚಲ್ಲಿ ದೀಕ್ಷಾಸ್ನಾನ ತಗೋತಿದ್ದೀನಿ, ದೊಡ್ಡಮ್ಮ. ಬಿಳಿ ನಿಲುವಂಗಿ ಬೇಕು."

"ಓಹೋ! ಇವರ ಪಾಪಕ್ಕೆ ಒಂದು ತೊಟ್ಟಿ ನೀರು ಸಾಕಾಗುತ್ತಾ? ಟ್ಯಾಂಕರ್ ತರಿಸೋದು ಒಳ್ಳೇದು!" ಸೂಜಿ ಚುಚ್ಚಿದಳು.

ಅವನು ತಲೆ ತಗ್ಗಿಸಿದ. "ಸಾಕಾಗಲ್ಲ ಅಂತ ನನಗೂ ಗೊತ್ತು."

ಟೇಪು ಹಿಡಿದು ಭುಜದ ಅಳತೆ ತೆಗೆಯುವಾಗ ಅವಳ ಹಾಳು ಎದೆ, ಯಾರ ಮಾತೂ ಕೇಳದೆ ಹೊಡೆದುಕೊಂಡಿತು. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು.

ದೀಕ್ಷಾಸ್ನಾನದ ಅಂಗಿಗೆ ಒಂದು ಕ್ರಮವಿದೆ. ಕೆಳಗಿನ ಅಂಚಿನ ಮಡಿಕೆಯಲ್ಲಿ ಎಂಟು ಸೀಸದ ತುಂಡುಗಳನ್ನಿಟ್ಟು ಹೊಲಿಯಬೇಕು. ಇಲ್ಲದಿದ್ದರೆ ನೀರಿಗಿಳಿದ ಕೂಡಲೇ ಬಟ್ಟೆ ಗಾಳಿ ತುಂಬಿಕೊಂಡು ಛತ್ರಿಯ ಹಾಗೆ ಮೇಲೇಳುತ್ತದೆ.

'ಏಳಲಿ!' ಎಂದುಕೊಂಡಳು ಸೂಜಿ. 'ಮೂವತ್ತು ಜನರ ಮುಂದೆ ನನ್ನ ಮಾನ ಕಳೆದೆಯಲ್ಲ? ಮುನ್ನೂರು ಜನಕ್ಕೆ ನಿನ್ನ ಚಡ್ಡಿಯ ದರ್ಶನವಾಗಲಿ!'

ಬರಿಯ ಅಂಚನ್ನೇ ನೀಟಾಗಿ ಮಡಿಸಿ ಹೊಲಿದಳು.

ಶನಿವಾರ ಅಂಗಿಯನ್ನು ಚರ್ಚಿನ ಮುದಿ ಸಭಾಪಾಲಕರ ಕೈಗೆ ಕೊಟ್ಟವಳು ಹೊಸಿಲಲ್ಲೇ ನಿಂತಳು.

"ಅಯ್ಯನೋರೇ, ನಾನು ಹದಿನಾರಕ್ಕೇ ದೀಕ್ಷಾಸ್ನಾನ ತಗೊಂಡವಳು. ಒಳಗಿರೋ ಹಾವು ಸಾಯಲೇ ಇಲ್ವಲ್ಲ?"

ಮುದುಕರು ನಕ್ಕರು. "ಯೇಸುಸ್ವಾಮಿಗೆ ಅಡವಿಯಲ್ಲಿ ಸೈತಾನ ಎದುರಾಗಿದ್ದು ಸ್ನಾನ ಆದ ಮೇಲೇ ಅಲ್ವೇನಮ್ಮ? ನೀರು ಶೋಧನೇನ, ಅವನ ಪರೀಕ್ಷೇನ, ತಪ್ಪಿಸಲ್ಲ. ನೀನು ಯಾರ ಮಗಳು ಅಂತ ಹೇಳುತ್ತೆ, ಅಷ್ಟೆ. ಸೈತಾನನಿಗೆ ಉತ್ತರ ನೀನೇ ಕೊಡಬೇಕು."

ಅಂಗಿ ವಾಪಸ್ ಕೇಳಬೇಕೆನಿಸಿತು... ಕೇಳಲಿಲ್ಲ. ಮೂರು ವರ್ಷ ಸಾಕಿದ ಸಿಟ್ಟು ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ಭಾನುವಾರ ಒಣ ಬಟ್ಟೆ ಹಿಡಿದು ತೊಟ್ಟಿಯ ಪಕ್ಕದಲ್ಲೇ ನಿಂತಳು. ಕಣ್ತುಂಬ ನೋಡಬೇಕಿತ್ತು ಅವಳಿಗೆ!

ನೀರಿಗಿಳಿಯುವ ಮುನ್ನ ಸಭೆಯ ಮುಂದೆ ತನ್ನ ಪಾಪ ಒಪ್ಪಿಕೊಂಡು ಸಾಕ್ಷಿ ಹೇಳಬೇಕು. ಅವನು ಸಭೆಯತ್ತ ತಿರುಗಿದ.

"ಒಬ್ಬ ಹೆಣ್ಣುಮಗಳ ಮೇಲೆ ನಾನು ಸುಳ್ಳು ಹೊರಿಸಿದೆ. ಅವಳನ್ನ ಒಂದು ಮಾತೂ ಕೇಳಲಿಲ್ಲ. ಸತ್ಯ ಗೊತ್ತಾದ ಮೇಲೂ ಮುಖ ತೋರಿಸೋ ಧೈರ್ಯ ಬರಲಿಲ್ಲ. ಅವಳು ಇಲ್ಲೇ ಇದ್ದಾಳೆ. ಏನು ಶಿಕ್ಷೆ ಕೊಟ್ಟರೂ ನನಗೆ ಒಪ್ಪಿಗೆ."

ಒಂದು ಮೆಟ್ಟಿಲು... ಎರಡು ಮೆಟ್ಟಿಲು... ಅಂಗಿ ಉಬ್ಬಿತು. ಮೊಣಕಾಲು ದಾಟಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಇದೇ ತಾನೇ ಅವಳು ಕಾದಿದ್ದ ಗಳಿಗೆ! ಆದರೆ ಅವನು ಬಟ್ಟೆ ಒತ್ತಿಹಿಡಿಯಲೂ ಕೈ ಚಾಚಲಿಲ್ಲ. ಕೈಮುಗಿದು ಹಾಗೇ ನಿಂತ.

'ಅಯ್ಯೋ... ಇವನಿಗೆ ಗೊತ್ತು!'

ಮುಂದೆ ಏನು ಮಾಡಿದೆನೆಂದು ಅವಳಿಗೇ ಅರಿವಿರಲಿಲ್ಲ. ಉಟ್ಟ ಸೀರೆಯಲ್ಲೇ ತೊಟ್ಟಿಗೆ ಇಳಿದುಬಿಟ್ಟಳು! ಮಂಡಿಯೂರಿ, ಕುತ್ತಿಗೆವರೆಗೆ ನೀರಲ್ಲಿ ಮುಳುಗಿ, ಅಂಚನ್ನು ಎರಡೂ ಕೈಯಲ್ಲಿ ಕೆಳಕ್ಕೆಳೆದು ಹಿಡಿದಳು.

"ತಪ್ಪು ನನ್ನದು!" ಎಂದು ಕೂಗಿದಳು. "ಬೇಕಂತಲೇ ತೂಕ ಹಾಕಲಿಲ್ಲ. ಇವರ ಮಾನ ಕಳೀಬೇಕು ಅಂತ..."

ಸಭಾಪಾಲಕರು ಮೆಲ್ಲಗೆ, "ಹಿಡ್ಕೋಮ್ಮ, ಬಿಡಬೇಡ" ಎಂದು ಹೇಳಿ ಅವನನ್ನು ನೀರಲ್ಲಿ ಮುಳುಗಿಸಿ ಎತ್ತಿದರು.

ಹಿತ್ತಲ ಬಿಸಿಲಲ್ಲಿ ಇಬ್ಬರೂ ತೊಟ್ಟಿಕ್ಕುತ್ತ ನಿಂತರು.

"ಗೊತ್ತಿದ್ದೂ ಯಾಕೆ ಹಾಕ್ಕೊಂಡ್ರಿ?"

"ಕೈಗೆತ್ತಿಕೊಂಡಾಗಲೇ ಹಗುರ ಅನ್ನಿಸ್ತು. ನಿನ್ನ ಸಿಟ್ಟು ಇಷ್ಟರಲ್ಲೇ ತೀರೋದಾದ್ರೆ ತೀರಲಿ ಅಂತ..."

"ಇಷ್ಟಕ್ಕೆಲ್ಲ ತೀರಲ್ಲ!" ಅವಳ ಕಣ್ಣು ತುಂಬಿ ಬಂತು. "ಯಾರ ಮುಂದೆ ಬೇಡ ಅಂದ್ರೋ, ಅವರ ಮುಂದೇನೇ ಬೇಕು ಅನ್ನಿ. ಆಮೇಲೆ ಯೋಚನೆ ಮಾಡ್ತೀನಿ."

ಗುರುವಾರ ಆ ಮೂವತ್ತು ಜನರೂ ಅವಳ ಮನೆಗೆ ಬಂದರು. ಅವನು ಎದ್ದು ನಿಂತು, "ಈ ಹುಡುಗಿ ನನಗೆ ಬೇಕು" ಎಂದು ಕೇಳಿದ. ಸೂಜಿ ಬೇಕೆಂದೇ ಉತ್ತರ ಕೊಡಲಿಲ್ಲ. ಎಲ್ಲರ ಕಾಫಿ ಮುಗಿಯಿತು, ಲೋಟಗಳು ಒಳಗೆ ಹೋದವು. ಅವನು ನಿಂತೇ ಇದ್ದ, ಬೆವರುತ್ತಾ.

"ಸಾಕು ಮಾಡೇ ಮಹರಾಯ್ತಿ, ಹುಡುಗ ಬಿದ್ದಾನು!" ದೊಡ್ಡಮ್ಮ ಗದರಿದಳು.

"ನಾನು ಮೂರು ವರ್ಷ ನಿಂತಿದ್ದೆ, ದೊಡ್ಡಮ್ಮ. ಬಿದ್ದೆನಾ?" ಎಂದಳು. ಆಮೇಲೆ ಅವನತ್ತ ತಿರುಗಿ, "ಹೂಂ... ಕೂತ್ಕೊಳ್ಳಿ" ಎಂದಳು. ಅದೇ ಒಪ್ಪಿಗೆ!

ಮದುವೆಯ ಮರುದಿನ, ಅಂಗಡಿಯ ಬಾಗಿಲಲ್ಲಿ ಅವನು ಅವಳ ಪೆಟ್ಟಿಗೆ ಎತ್ತಿಕೊಂಡು ಪಿಸುಗುಟ್ಟಿದ.

"ಸಿಟ್ಟು ಇನ್ನೂ ಇದೆಯಾ?"

"ಇದೆ. ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು."

"ಇರಲಿ. ನಾನಂತೂ ಇನ್ನೆಲ್ಲೂ ಹೋಗಲ್ಲ."

"ಹೋಗಿ ನೋಡಿ... ಕಾಲು ಮುರೀತೀನಿ!"

ಹಾಗೆನ್ನುತ್ತಲೇ ಅವನ ಕೈಬೆರಳು ಹಿಡಿದುಕೊಂಡು, ಹುಟ್ಟಿ ಬೆಳೆದ ಆ ಬೀದಿ ಬಿಟ್ಟು ಸೂಜಿ ಹೊರಟುಹೋದಳು.